ಅಂಬಿಗನೂ ದಾಳ ಹಾಕಬೇಕೇ?

ಗದಗದ ಗಾಳಿಗುಡ್ಡ
ಗಾಳಿಮಾಸದ ನಲವತ್ತೊಂದನೇ ದಿನ, ೨೪೧೨

ಮೇಜಿನ ಸುತ್ತ ಕೂತು ದಾಳ ಉರುಳಿಸಿ ಕಥೆಯಾಡುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೂ ಆ ತಿಂಗಳು ಮುಗಿಯುವುದಿಲ್ಲ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕನ್ನಡ ಓದುವಾಗ ನಾವೂ ಸಾಕಷ್ಟು ಎಡವುತ್ತೇವೆ.

ಇಲ್ಲಿ ಮಧ್ಯಾಹ್ನ ಬಿಸಿಲುಬೀಗ ಬೀಳುತ್ತದೆ. ಅಂದರೆ, ಗಂಟೆ ಬಾರಿಸಿದ ಮೇಲೆ ಹೊತ್ತು ಇಳಿಯುವ ತನಕ ಯಾರೂ ಹೊರಗೆ ಕಾಲಿಡುವಂತಿಲ್ಲ. ಓಣಿಯವರೆಲ್ಲ ನೆಲದಡಿಯ ತಂಪುಮನೆಗೆ ಇಳಿಯುತ್ತೇವೆ. ಅಲ್ಲಿ ಗೋಡೆಯೊಳಗೆ ನೀರು ಹರಿಯುವ ಸದ್ದು ಕೇಳುತ್ತಿರುತ್ತದೆ. ಮಿರ್ಚಿ ಕರಿಯುವ ವಾಸನೆ ಮಾತ್ರ ನಿಮ್ಮ ಕಾಲದ್ದೇ ಇರಬೇಕು. ಅಲ್ಲೇ ನಮ್ಮ ಕಥೆಯಾಟ. ದ್ಯಾಮವ್ವ ಕಥೆ ನಡೆಸುತ್ತಾಳೆ. ನಮಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಏನು ಮಾಡಬೇಕಾದರೂ ದಾಳ ಹಾಕಬೇಕು, ಬಿದ್ದ ಅಂಕಿ ಸಾಲದಿದ್ದರೆ ಆ ಕೆಲಸ ಕೆಟ್ಟಂತೆ. ಕಥೆಯಲ್ಲಿ ಎದುರಾಗುವ ಅಂಗಡಿಯವ, ಕಾವಲುಗಾರ, ರಾಕ್ಷಸ ಮುಂತಾದವರನ್ನು ದಾರಿಮಂದಿ ಎನ್ನುತ್ತೇವೆ. ಅವರನ್ನೆಲ್ಲ ಆಡಿಸುವವಳು ದ್ಯಾಮವ್ವ. ಅವಳು ಆಡಿದ್ದೇ ಆಯಿತು, ಅವರಿಗೆ ದಾಳವಿಲ್ಲ.

ಮಕ್ತುಮಸಾಬಣ್ಣನ ಪಾತ್ರ ಕೆಂಚನೆಂಬ ಕಳ್ಳ. ವರ್ಷಗಟ್ಟಲೆ ಅವನನ್ನು ಮಗನ ಹಾಗೆ ಸಾಕಿದ್ದ. ಒಂದು ದಿನ ಹೊಳೆ ದಾಟುವಾಗ ಕೆಂಚ ಅಂಬಿಗನ ಚೀಲಕ್ಕೆ ಕೈ ಹಾಕಿದ.

"ಅಂಬಿಗ ಅವನ್ನ ಎತ್ತಿ ಹೊಳಿಗೆ ಒಗದ. ಕೆಂಚ ಮುಳುಗಿ ಸತ್ತ" ಎಂದಳು ದ್ಯಾಮವ್ವ.

"ದಾಳ ಎಲ್ಲೈತಿ?" ಎಂದ ಮಕ್ತುಮಸಾಬಣ್ಣ.

"ದಾರಿಮಂದಿಗೆ ಎಲ್ಲೀ ದಾಳ?"

"ನಾ ಬೀಗ ಮುರೀಬೇಕಂದ್ರ ದಾಳ, ಗ್ವಾಡಿ ಜಿಗೀಬೇಕಂದ್ರ ದಾಳ. ನನ್ನ ಕೊಲ್ಲಾಕ ಮಾತ್ರ ನಿನ್ನ ಬಾಯಿ ಸಾಕೇನು?"

ಎದ್ದವನೇ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಬಿಸಿಲುಬೀಗದ ಹೊತ್ತಿನಲ್ಲಿ ಸಿಟ್ಟಾದವನಿಗೆ ಬೇರೆಲ್ಲೂ ಜಾಗವಿಲ್ಲ. ದಿನಾ ಇಳಿದು ಬಂದವನು ಅಲ್ಲೇ ಮಲಗುತ್ತಿದ್ದ, ವಾರವಾದರೂ ನಮ್ಮತ್ತ ತಿರುಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಬಾಯ್ತುಂಬ ಮಾತಾಡುತ್ತಿದ್ದದ್ದು ಈ ಆಟದಲ್ಲಿ ಮಾತ್ರ. ನಮಗೆಲ್ಲ ಮಿರ್ಚಿ ರುಚಿಸದಾಯಿತು.

ಕೊನೆಗೆ ದ್ಯಾಮವ್ವನೇ ಮೂಲೆಗೆ ಹೋದಳು. "ಮಕ್ತುಮಣ್ಣಾ, ಇವತ್ತ ಎಲ್ಲಾರಿಗೂ ಒಂದ ನಿಯಮ, ದಾರಿಮಂದಿಗೂ ದಾಳ. ನೀನ ಅಂಬಿಗ ಆಗು ಬಾ."

ಬಂದ. ಅಂಬಿಗ ಹಗ್ಗ ಬಿಚ್ಚಲು ದಾಳ ಹಾಕಿದ, ಬಿಚ್ಚಲಿಲ್ಲ. ಹುಟ್ಟು ಹಾಕಲು ದಾಳ, ದೋಣಿ ನಿಂತಲ್ಲೇ ಸುತ್ತಿತು. ದಡದ ಚಹಾದವ ಕೆಟಲಿ ಎತ್ತಲು ದಾಳ ಹಾಕಿ ಕಾಲ ಮೇಲೆ ಸುರುವಿಕೊಂಡ. ಹೊಳೆಯಾಚೆಯ ರಾಕ್ಷಸ ಮೆಟ್ಟಿಲಿಳಿಯಲು ದಾಳ ಹಾಕಿ, ಉರುಳಿ ಬಿದ್ದು ಸತ್ತೇ ಹೋದ. ಅವನನ್ನು ಕೊಲ್ಲಲೆಂದೇ ನಾವು ಅಷ್ಟು ದೂರ ಹೊರಟಿದ್ದೆವು!

ಮಕ್ತುಮಸಾಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಕವ್ವಾ, ಸಾಕು! ಅವರ ಪಾಡಿಗೆ ಅವರು ಬದುಕಲಿ, ದಾಳ ಬ್ಯಾಡ. ಆದ್ರ ನಮ್ಮ ಮೈಮ್ಯಾಲೆ ಕೈ ಹಾಕೂಮುಂದ ನಮ್ಮಂಗ ದಾಳ ಹಾಕಲಿ."

"ಆತು" ಎಂದಳು ದ್ಯಾಮವ್ವ, ಸತ್ತ ಕೆಂಚನನ್ನು ಮತ್ತೆ ದೋಣಿಗೆ ಹತ್ತಿಸಿದಳು. ಕೆಂಚನಿಗಾಗಿ ಮಕ್ತುಮಸಾಬಣ್ಣ, ಅಂಬಿಗನಿಗಾಗಿ ದ್ಯಾಮವ್ವ ದಾಳ ಹಾಕಿದರು. ಅಂಬಿಗನೇ ಗೆದ್ದ. ಕೆಂಚ ಈಜಲು ದಾಳ ಹಾಕಿದ, ಆಗಲಿಲ್ಲ. ಮುಳುಗಿದ.

ಮಕ್ತುಮಸಾಬಣ್ಣ ಕಣ್ಣೊರೆಸಿಕೊಂಡ. "ಈಗ ಸತ್ತ ನೋಡು ನನ್ನ ಕೆಂಚ, ಮರ್ಯಾದಿಯಿಂದ" ಎಂದವನು ಮೂಗೆಳೆದು, "ಏ, ನಾಳಿಂದ ನಾ ಯಾರಾಗ್ಲಿ?" ಎಂದು ಕೇಳಿದ.

ನಿಮ್ಮಲ್ಲೂ ಇದೇ ಜಗಳವಿದೆಯೆಂದು ಕೇಳಿದ್ದೇನೆ. ಜೋರಾಗಿಯೇ ಜಗಳಾಡಿ. ಒಂದೇ ಕೋರಿಕೆ: ಯಾರಾದರೂ ಎದ್ದು ಹೋದರೆ ಅವರ ಜಾಗಕ್ಕೆ ಬೇರೆಯವರನ್ನು ಕೂರಿಸಲು ಅವಸರಪಡಬೇಡಿ.

ಇನ್ನೂ ಹುಟ್ಟದ ನಿಮ್ಮ
ಶಿವಗಂಗವ್ವ