ಮನೆಗೆ ಬಂದ ಬೇರೆಯವರ ದೋಣಿ

ಮನೆಯಿಂದ,
ಮಾರ್ಚ್ ೧೨, ಬುಧವಾರ

ಮುದ್ದಿನ ಚೂಟಿ,

ಹೇಗಿದ್ದೀಯೆ? ಕುತ್ತಿಗೆ ನೋವು ಇಳಿಯಿತೆ? ಲ್ಯಾಬಿನಲ್ಲಿ ದಿನವಿಡೀ ಬಗ್ಗಿ ಕೂತರೆ ಕುತ್ತಿಗೆ ನೋಯದೆ ಇನ್ನೇನು ಮಾಡುತ್ತದೆ? ಮೂರು ಮಹಡಿ ಹತ್ತಿ ಹೋಗುವ ಆ ಗೂಡನ್ನು ಬಿಟ್ಟು ಕೆಳಗೆ ಎಲ್ಲಾದರೂ ಕೋಣೆ ನೋಡು ಎಂದು ಎಷ್ಟು ಸಲ ಹೇಳಿದೆ. ಹೇಳಿದವರ ಮಾತು ಕೇಳುವುದು ನಮ್ಮ ಮನೆತನದಲ್ಲಿ ಯಾರಿಗೂ ಬರೆದಿಲ್ಲ, ಬಿಡು. ನನ್ನ ಮಂಡಿ ಇದ್ದ ಹಾಗೇ ಇದೆ. ನಿಮ್ಮಪ್ಪ ಚೆನ್ನಾಗಿದ್ದಾರೆ ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತೇನಲ್ಲ, ಅದು ಅವರು ಪಕ್ಕದ ಕುರ್ಚಿಯಲ್ಲೇ ಪೇಪರ್ ಹಿಡಿದು ಕಿವಿ ನಿಮಿರಿಸಿ ಕೂತಿರುತ್ತಾರೆ ಎಂಬ ಕಾರಣಕ್ಕೆ. ಈಗ ಬರೆಯುತ್ತಿರುವುದೂ ಅದೇ ಕಾರಣಕ್ಕೆ. ಕೊರಿಯರಿನವನು ಶುಕ್ರವಾರಕ್ಕೆ ಮುಟ್ಟಿಸುತ್ತೇನೆ ಎಂದಿದ್ದಾನೆ.

ಕ್ಲಬ್ಬಿನ ಸುದ್ದಿ ಎತ್ತಬೇಡ ಎಂದು ನೀನು ಹೇಳಿದ್ದು ಮರೆತಿಲ್ಲ. ಆದರೂ ಓದು, ಏಕೆಂದರೆ ಈ ಸಲ ಕ್ಲಬ್ಬಿನ ಸುದ್ದಿಯೂ ಮನೆಯ ಸುದ್ದಿಯೂ ಒಂದೇ ಆಗಿ ಕೂತಿದೆ. ಈ ಭಾನುವಾರ ಮಹಾಸಭೆ. ವಿಶ್ವ ಸ್ಪರ್ಧೆಗೆ ನಮ್ಮ ದೇಶದಿಂದ ಯಾರು ಹೋಗಬೇಕು ಎಂಬುದು ಅಂದು ತೀರ್ಮಾನ. ನಿಮ್ಮಪ್ಪನೇ ಹೋಗಲಿ ಎಂದು ಆ ಪುಣ್ಯಾತ್ಮರೆಲ್ಲ ಈಗಲೇ ತಲೆಯಾಡಿಸಿಬಿಟ್ಟಿದ್ದಾರೆ. ಹೋದರೆ ಊರಲ್ಲದ ಊರಿನಲ್ಲಿ, ಕಂಡರಿಯದ ಜನರ ಮುಂದೆ ಈ ಮನುಷ್ಯ ನಗೆಪಾಟಲಾಗುವುದು ಖಂಡಿತ. ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ರಾಷ್ಟ್ರೀಯ ರೇಡಿಯೋ ಹಾಯಿದೋಣಿ ಕ್ಲಬ್! ದಂಡೆಯಲ್ಲಿ ನಿಂತು ರಿಮೋಟಿನಿಂದ ಆಟಿಕೆ ದೋಣಿ ಓಡಿಸುವವರ ಸಂಘಕ್ಕೆ ಇಷ್ಟುದ್ದದ ಹೆಸರು. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ. ಇದರ ರಾಷ್ಟ್ರೀಯ ಕಚೇರಿ ನಮ್ಮ ಊಟದ ಮೇಜು, ಉಗ್ರಾಣ ನಿನ್ನ ಮಂಚದ ಅಡಿ. ಓಟದ ದಾರಿ ಗುರುತಿಸಲು ನೀರಿಗಿಳಿಸುವ ಕಿತ್ತಳೆ ಚೆಂಡುಗಳು, ಅವಕ್ಕೆ ಲಂಗರು ಹಾಕುವ ಇಟ್ಟಿಗೆ, ಹಗ್ಗ ಎಲ್ಲ ಅಲ್ಲೇ ಬಿದ್ದಿವೆ. ಹೊಸ ದೋಣಿ ನೀರಿನಲ್ಲಿ ಎಷ್ಟು ಮುಳುಗುತ್ತದೆ ಎಂದು ಅಳೆಯುವುದು ನಮ್ಮ ಸ್ನಾನದ ತೊಟ್ಟಿಯಲ್ಲಿ. ದೇಶದ ಮೂಲೆಮೂಲೆಯಿಂದ ಗಂಡಸರು ಬಟ್ಟೆ ಸುತ್ತಿದ ದೋಣಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನನ್ನ ಬಚ್ಚಲ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ತಮ್ಮ ಮಕ್ಕಳನ್ನು ಹಾಗೆ ಎತ್ತಿಕೊಂಡಿದ್ದರೋ ಇಲ್ಲವೋ ಅವರ ಹೆಂಡಂದಿರನ್ನು ಕೇಳಬೇಕು. ಅಧ್ಯಕ್ಷರು ನಿಮ್ಮಪ್ಪ. ಕಾರ್ಯದರ್ಶಿ ನಾನು, ಈ ಕೆಲಸ ಬೇಡ ಎನ್ನಲು ನನಗಿಂತ ಮೊದಲು ಉಳಿದವರೆಲ್ಲ ಬಾಯಿ ತೆರೆದಿದ್ದರು, ಅದಕ್ಕೆ. ಕಳೆದ ಸಭೆಯಲ್ಲಿ ಟೋಪಿಯ ಬಣ್ಣ ಆಕಾಶದ ನೀಲಿಯಿರಬೇಕೋ ಸಮುದ್ರದ ನೀಲಿಯಿರಬೇಕೋ ಎಂದು ಚಹಾ ಆರಿ, ಮತ್ತೆ ಕಾಸಿ, ಅದೂ ಆರುವವರೆಗೆ ಜಗಳವಾಡಿದರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರಲ್ಲ, ಇವರಿಗೆ ಅಷ್ಟೂ ಕೈಬರುವುದಿಲ್ಲ.

ಟೋಪಿ ಮುಗಿದ ಮೇಲೆ ಹಾಯಿಗೆ ಬಂದರು. ಖಜಾಂಚಿ ಹಲ್ಲಿನ ಡಾಕ್ಟರು ಒಂದು ಮಹಾ ಉಪಾಯ ತೆಗೆದರು: ಎಲ್ಲರೂ ಒಂದೇ ಕಡೆ ಹಾಯಿ ಹೊಲಿಸಿದರೆ ರಿಯಾಯಿತಿ ಸಿಗುತ್ತದೆ. ಹೊಲಿಸಿದರು. ಎಲ್ಲಾ ಬಿಳಿ, ಎಲ್ಲಾ ಒಂದೇ ಕತ್ತರಿಯವು. ನಾನು ಆಗಲೇ ಹೇಳಿದೆ, ಬೆಳ್ಳಗಿನ ಹಾಯಿ ಸಾಲಾಗಿ ನೀರಿನ ಆಚೆ ದಡಕ್ಕೆ ಹೋದರೆ ಯಾರದು ಯಾವುದೆಂದು ಹೇಗೆ ತಿಳಿಯುತ್ತದೆ, ಒಂದೊಂದಕ್ಕೆ ಒಂದೊಂದು ಬಣ್ಣದ ಪಟ್ಟಿಯಾದರೂ ಅಂಟಿಸಿ ಎಂದು. ವಕೀಲರು, ಅದೇ ನಿಯಮದ ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟು ಮಲಗುವ ಮಹಾಶಯರು, ನಕ್ಕರು. "ನಮ್ಮ ದೋಣಿ ನಮಗೆ ಗುರುತು ಸಿಗಲ್ವಾ ಅತ್ತಿಗೆ? ಹೆತ್ತೋರಿಗೆ ಮಕ್ಕಳ ಗುರುತು ಹೇಳಿಕೊಡ್ಬೇಕಾ?" ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಬೆಟ್ಟದಂಥ ಹಡಗುಗಳನ್ನು ಮಂಜಿನಲ್ಲಿ ಬಂದರಿಗೆ ತಂದು ಕಟ್ಟಿದ ಪೈಲಟ್ ಅಲ್ಲವೆ, ಮೊಣಕಾಲುದ್ದದ ದೋಣಿಯ ಗುರುತು ಸಿಗದೆ ಇರುತ್ತದೆಯೆ!

ಕಳೆದ ಭಾನುವಾರ ರಾಷ್ಟ್ರೀಯ ಸ್ಪರ್ಧೆಯ ಕೊನೆಯ ಓಟ. ನೀರು ಸರಬರಾಜಿನವರ ಹಳೆಯ ಕೆರೆ, ನಿನಗೆ ಗೊತ್ತಿರುವುದೇ. ಗಾಳಿ ಸಣ್ಣಗೆ, ಬಿಸಿಲು ನೇರ ನೀರಿಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಗಂಡಸರೆಲ್ಲ ಎದೆಗೆ ಪೆಟ್ಟಿಗೆ ನೇತುಹಾಕಿಕೊಂಡು, ಎರಡು ಹೆಬ್ಬೆರಳಲ್ಲಿ ಕಡ್ಡಿ ಅಲ್ಲಾಡಿಸುತ್ತಾ, ನೀರಿನಿಂದ ಕಣ್ಣು ಕೀಳದೆ ದಂಡೆಯುದ್ದಕ್ಕೂ ಏಡಿಗಳ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು. ನಾನು ಕೊನೆಯ ಗೆರೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದೆ. ಮೊದಲ ಚೆಂಡು ಸುತ್ತುವಾಗಲೇ ನಿಮ್ಮಪ್ಪನ ದೋಣಿ, ನನ್ನ ಪಟ್ಟಿಯಲ್ಲಿ ನಾಲ್ಕನೇ ನಂಬರಿನದು, ಗುಂಪು ಬಿಟ್ಟು ಆಚೆ ಮೂಲೆಯ ಜೊಂಡಿಗೆ ಹೋಗಿ ಮೂತಿ ತೂರಿಸಿ ನಿಂತುಬಿಟ್ಟಿತು. ಅಯ್ಯೋ ಪಾಪ, ಮುಗಿಯಿತು ಎಂದುಕೊಂಡೆ. ನೋಡಿದರೆ ನಿಮ್ಮಪ್ಪ ನಗುತ್ತಿದ್ದಾರೆ! "ನೋಡ್ರಪ್ಪಾ, ಹೆಂಗೆ ತಿರುಗಿಸ್ದೆ!" ಎನ್ನುತ್ತಿದ್ದಾರೆ! ಅವರ ಕಣ್ಣೆಲ್ಲ ಕ್ಲಬ್ಬಿನ ಇನ್ನೊಬ್ಬರ, ಆ ಔಷಧಿ ಅಂಗಡಿಯವರ ದೋಣಿಯ ಮೇಲೆ. ಗಾಳಿ ತಿರುಗಿದಾಗ ಎಲ್ಲರೂ ಒಟ್ಟಿಗೇ ದೋಣಿ ತಿರುಗಿಸುತ್ತಾರಲ್ಲ, ಇವರು ಕಡ್ಡಿ ಎಳೆದಾಗ ಅದೂ ತಿರುಗುತ್ತಿತ್ತು. ತಾವೇ ಓಡಿಸುತ್ತಿರುವುದು ಎಂದು ನಂಬಲು ಅಷ್ಟು ಸಾಕಾಯಿತು. ಇತ್ತ ಜೊಂಡಿನಲ್ಲಿ ಸಿಕ್ಕಿಕೊಂಡ ಇವರ ಸ್ವಂತ ದೋಣಿ, ಇವರು ಕಡ್ಡಿ ಎಳೆದಂತೆಲ್ಲ ಹಾಯಿ ಬಡಿಯುತ್ತಾ ಚುಕ್ಕಾಣಿ ಅಲ್ಲಾಡಿಸುತ್ತಾ ನಿಂತಿತ್ತು. ಅದನ್ನು ಕಾಣದವರು ಆ ದಂಡೆಯ ಮೇಲೆ ಒಬ್ಬರೇ ಒಬ್ಬರು.

ಔಷಧಿ ಅಂಗಡಿಯವರ ದೋಣಿ ಮೊದಲು ಗೆರೆ ದಾಟಿತು. ನಿಮ್ಮಪ್ಪ ಎರಡೂ ಕೈ ಎತ್ತಿದರು. ಈಗಲಾದರೂ ಯಾರಾದರೂ ಒಂದು ಮಾತು ಆಡುತ್ತಾರೆ ಎಂದು ನೋಡಿದೆ. ಗೆದ್ದವರೇ ಮುಂದೆ ಬಂದು, ಹಲ್ಲು ಕಿಸಿದು, "ಅಭಿನಂದನೆ ಕ್ಯಾಪ್ಟನ್" ಎಂದು ಕೈಕುಲುಕಿದರು! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇವರು ಕೊಟ್ಟಿಗೆಗೆ ಕಟ್ಟಿ ಕರುವಿಗೆ ಹೆಸರನ್ನೂ ಇಟ್ಟರು. ಹಲ್ಲಿನ ಡಾಕ್ಟರು ನನ್ನ ಕಿವಿಯ ಹತ್ತಿರ ಬಗ್ಗಿ, "ನಾಲ್ಕನೇ ನಂಬರ್ ಫಸ್ಟ್ ಅಂತ ಬರ್ಕೊಳ್ಳಿ ಅತ್ತಿಗೆ, ಹಿರಿಯರ ಮನಸ್ಸು ಯಾಕೆ ನೋಯಿಸೋದು" ಎಂದರು. ಹಿರಿಯರ ಮನಸ್ಸಂತೆ! ಆ ಕೆರೆಗೆ ಅನುಮತಿ ಸಿಗುತ್ತಿರುವುದು ನಿಮ್ಮಪ್ಪನ ಹಳೆಯ ಪರಿಚಯದಿಂದ, ಅದು ಕೈಬಿಟ್ಟೀತು ಎಂಬ ಭಯ ಅಷ್ಟೆ. ನೀವೇ ಬರೆದುಕೊಳ್ಳಿ, ನಾನು ಸಹಿ ಹಾಕುವುದಿಲ್ಲ ಎಂದೆ. ಸಹಿ ಇಲ್ಲದಿದ್ದರೂ ನಡೆಯುವ ಹಾಗೆ ಒಂದು ನಿಯಮವನ್ನು ವಕೀಲರು ನಿಂತ ಕಾಲಲ್ಲೇ ಹುಡುಕಿದರು. ಗೆದ್ದವರ ಕಪ್ಪನ್ನು ನಿಮ್ಮಪ್ಪನ ಕೈಗೆ ಕೊಟ್ಟರು. ಅಷ್ಟು ಜನರ ಮಧ್ಯೆ ಅವರ ಮುಖದಲ್ಲಿದ್ದ ಆ ಸಂತೋಷ ನೋಡಿ ನಾನೂ ನಿಜ ಹೇಳದೆ ಸ್ಟೂಲು ಎತ್ತಿಕೊಂಡೆ. ನನ್ನನ್ನೂ ಆ ಸಾಲಿಗೇ ಸೇರಿಸು, ಬೇಡ ಎನ್ನುವುದಿಲ್ಲ.

ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ದಡಕ್ಕೆ ಬಂದ ದೋಣಿಯನ್ನು ನಿಮ್ಮಪ್ಪ ಎತ್ತಿ ಒರೆಸಿ ಕಾರಿನಲ್ಲಿಟ್ಟುಕೊಂಡು ಮನೆಗೆ ತಂದರು. ಔಷಧಿ ಅಂಗಡಿಯವರ ದೋಣಿ! ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು, "ಕ್ಯಾಪ್ಟನ್, ಅದು ನಂದು" ಎನ್ನುವಷ್ಟು ಬೆನ್ನುಮೂಳೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಟಕಟಕ ಸದ್ದು. ತೆಗೆದರೆ ಔಷಧಿ ಅಂಗಡಿಯವರು ನಮ್ಮ ದೋಣಿಯನ್ನು ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕಳ್ಳನ ಹಾಗೆ ನಿಂತಿದ್ದಾರೆ, ಪ್ಯಾಂಟಿಗೆಲ್ಲ ಜೊಂಡಿನ ಕೆಸರು. "ಕ್ಯಾಪ್ಟನ್ ಸ್ನಾನಕ್ಕೆ ಹೋದಾಗ ಸುಮ್ಮನೆ ಅದಲು ಬದಲು ಮಾಡಿಬಿಡಿ ಅತ್ತಿಗೆ, ಗೊತ್ತೇ ಆಗಲ್ಲ." ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಸಂಸಾರ ಮಾಡಿದ್ದೇನೆ, ಗಂಡನನ್ನು ಬೈದಿದ್ದೇನೆ, ಮಾತು ಬಿಟ್ಟಿದ್ದೇನೆ, ಆದರೆ ಬೆನ್ನ ಹಿಂದೆ ಗೊಂಬೆಯ ಹಾಗೆ ಆಡಿಸಿಲ್ಲ. ಮುಂಬಾಗಿಲಿಗೆ ಬನ್ನಿ, ಬೆಲ್ ಒತ್ತಿ, ಅವರ ಕೈಗೇ ಕೊಟ್ಟು ಬಾಯಿಬಿಟ್ಟು ಹೇಳಿ ಎಂದೆ. ಗೋಣಿಚೀಲವನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಓಡಿದರು. ದಿನವಿಡೀ ಜನರಿಗೆ ಕಹಿ ಔಷಧಿ ಮಾರುವ ಬಾಯಿಗೆ ಒಂದು ಕಹಿ ಮಾತು ಆಡಲು ಆಗಲಿಲ್ಲ ನೋಡು.

ನಾನು ಆ ಚೀಲ ಹಿಡಿದು ನೇರ ನಡುಮನೆಗೆ ಬಂದೆ. ನಿಮ್ಮಪ್ಪ ಕುರ್ಚಿಯಲ್ಲಿ ಕೂತು ಆ ಬೇರೆ ದೋಣಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಕಣ್ಣು ಕಿಟಕಿಯ ಕಡೆ, ಬೆರಳು ಮಾತ್ರ ದೋಣಿಯ ಹೊಟ್ಟೆಯ ಮೇಲೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೋಗುತ್ತಿತ್ತು. ನಮ್ಮದನ್ನು ಅವರೇ ಕೈಯಾರೆ ಉಜ್ಜಿ ಕಟ್ಟಿದ್ದಲ್ಲವೆ, ಇದು ಅಂಗಡಿಯಿಂದ ಕೊಂಡದ್ದು. ಕಣ್ಣು ಮೋಸ ಮಾಡಿದರೂ ಬೆರಳು ಮಾಡಲಿಲ್ಲ. "ಇದು ನಮ್ದಲ್ಲ ಕಣೇ" ಎಂದರು. ಅಲ್ಲ ಎಂದೆ. "ಅವರಿಗೆಲ್ಲ ಗೊತ್ತಿತ್ತಾ?" ಗೊತ್ತಿತ್ತು ಎಂದೆ. "ನಿಂಗೆ?" ನನಗೂ ಎಂದೆ. ದೋಣಿಯನ್ನು ತೊಡೆಯಿಂದ ಇಳಿಸಿ ನೆಲಕ್ಕಿಟ್ಟರು. ಆಮೇಲೆ ಹೇಳಿದ್ದು ಇಷ್ಟೇ: "ಚೂಟಿ ಇದ್ದಿದ್ರೆ ಅಲ್ಲೇ ಮುಖಕ್ಕೆ ಹೇಳ್ತಿದ್ಲು."

ಹೇಳಿದ್ದಕ್ಕೇ ಅಲ್ಲವೆ ನೀನು ಈ ಮನೆ ಬಿಟ್ಟದ್ದು. ಎರಡು ವರ್ಷದ ಹಿಂದೆ ಅದೇ ಕೆರೆಯ ದಂಡೆಯಲ್ಲಿ, ನಿನ್ನ ದೋಣಿ ಚೆಂಡಿಗೆ ತಾಕಿತು ಎಂದು ಅಪ್ಪ ತೀರ್ಪು ಕೊಟ್ಟು ನಿನ್ನನ್ನು ಸ್ಪರ್ಧೆಯಿಂದ ಹೊರಗೆ ಹಾಕಿದಾಗ, ನೀನು ಎಲ್ಲರೆದುರು "ಅಪ್ಪ, ನಿಮಗೆ ಅಷ್ಟು ದೂರ ಕಾಣಲ್ಲ" ಎಂದುಬಿಟ್ಟೆ. ಕಾಣುತ್ತದೆ ಎಂದು ಅವರು ಕೂಗಿದರು. ಮಗಳೆಂದು ನೋಡದೆ ನ್ಯಾಯ ಹೇಳಿದರು ಎಂದು ಆ ವಕೀಲರು ಚಪ್ಪಾಳೆ ಬೇರೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಒಂದು ಸಂಸಾರ ಒಡೆದುಹೋಯಿತು. ಆಟಿಕೆ ದೋಣಿಗೆ! ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎಂದರೆ ಇದೇ ಅಲ್ಲವೆ? ಆ ದಿನ ಯಾರಾದರೂ ಒಬ್ಬರು ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರೆ ಎಂದು ನೆನೆದರೆ ನನಗೆ ನನ್ನ ಮೇಲೇ ಕೋಪ ಬರುತ್ತದೆ. ನಿನ್ನೆ ಕೊನೆಗೂ ಎಳೆದುಕೊಂಡು ಹೋದೆ. ಎಡಗಣ್ಣು ಬಹುಪಾಲು ಹೋಗಿದೆ, ಮರಳಿ ಬರುವುದಿಲ್ಲವಂತೆ. ಬಲಗಣ್ಣನ್ನು ಹನಿಹಾಕಿ ಉಳಿಸಿಕೊಳ್ಳಬಹುದಂತೆ. ಬರುವಾಗ ದಾರಿಯುದ್ದಕ್ಕೂ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಯಾರಾದರೂ ಎದುರು ಬಂದರೆ ಬಿಟ್ಟುಬಿಡುತ್ತಿದ್ದರು.

ಭಾನುವಾರದ ಸಭೆಯಲ್ಲಿ ಏನು ಮಾಡುತ್ತೀರಿ ಎಂದು ನಿಮ್ಮಪ್ಪನನ್ನು ಕೇಳಿದರೆ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಕಪ್ಪು ಮೇಜಿನ ಮೇಲೆ ಕೂತಿದೆ, ಎರಡು ದೋಣಿಗಳೂ ನಡುಮನೆಯಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ಹಲ್ಲಿನ ಡಾಕ್ಟರು ದಿನಾ ಫೋನು ಮಾಡಿ ವಿಮಾನದ ಟಿಕೆಟ್ಟಿನ ಮಾತಾಡುತ್ತಾರೆ. ಹೋಗುವುದಿಲ್ಲ ಎಂದು ಇವರು ಹೇಳಲಿಲ್ಲ, ಹೋಗುತ್ತೇನೆ ಎಂದೂ ಹೇಳಲಿಲ್ಲ. ನಾನಂತೂ ಇವರ ಬದಲು ಹೇಳುವುದಿಲ್ಲ. ಇವರ ದೋಣಿ, ಇವರ ಕಣ್ಣು, ಇವರ ಬಾಯಿ.

ಇನ್ನು ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು, ಕುತ್ತಿಗೆಗೆ ಬಿಸಿ ನೀರಿನ ಶಾಖ ಕೊಡು, ಒಂದೇ ದಿಂಬು ಇಟ್ಟುಕೊಂಡು ಮಲಗು. ನಿನ್ನ ಚಿಕ್ಕಮ್ಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ. ನೂರು ಕಾಲ ಚೆನ್ನಾಗಿ ಬಾಳು ತಾಯಿ, ನಿನ್ನ ನಾಲಿಗೆ ಇಷ್ಟೇ ಚುರುಕಾಗಿರಲಿ.

ನಿನ್ನ
ಅಮ್ಮ

ತಾ.ಕ. ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದು ಎದುರು ನಿಂತರು. ಚೂಟಿಗೆ ಬರೀತಿದ್ದೀಯಲ್ಲ, ಇದನ್ನೂ ಸೇರಿಸು, ನಾನು ಹೇಳಿದ ಹಾಗೇ ಬರಿ, ನಿನ್ನ ಮಾತು ಸೇರಿಸಬೇಡ ಎಂದರು. ಬರೆಯುತ್ತಿದ್ದೇನೆ: "ಅವತ್ತು ನಿನ್ನ ದೋಣಿ ಚೆಂಡಿಗೆ ತಾಕಿದ್ದು ನಾನು ನೋಡಲಿಲ್ಲ. ನಂಗೆ ದೋಣಿನೇ ಕಾಣಿಸ್ತಿರಲಿಲ್ಲ, ಚೆಂಡೂ ಕಾಣಿಸ್ತಿರಲಿಲ್ಲ. ಕಾಣಲ್ಲ ಅಂತ ಹೇಳೋಕೆ ನಾಚಿಕೆಯಾಗಿ ತಾಕಿತು ಅಂದೆ. ಭಾನುವಾರ ಎಲ್ಲರ ಮುಂದೆ ಇದನ್ನ ಹೇಳಿ, ಕಪ್ಪು ವಾಪಸ್ ಕೊಟ್ಟು, ಕುರ್ಚಿ ಬಿಡ್ತೀನಿ." ಬಾ ಎಂದು ಸೇರಿಸಲೇ ಎಂದು ಕೇಳಿದೆ. ಕರೆಯೋ ಮುಖ ನನಗಿಲ್ಲ ಎಂದು ಒಳಗೆ ಹೋದರು. ನನಗಿದೆ. ಶನಿವಾರದ ರೈಲಿಗೆ ಹತ್ತು.