ದಿನಾ ಉಣ್ಣೆ ತೆಗೆ

ಮಾರ್ಚ್ 3, ಬೆಳಗ್ಗೆ 7
ಬಲಗೈಗೆ ರಬ್ಬರ್ ಗ್ಲೌಸು. ಕತ್ತಿನಿಂದ ಬಾಲದವರೆಗೆ, ಕೂದಲು ಮಲಗಿದ ದಿಕ್ಕಿಗೇ. ಆಮೇಲೆ ಒದ್ದೆ ಬಟ್ಟೆ. ನಾಯಿ ಸಾಹೇಬರು ಕಣ್ಣು ಮುಚ್ಚಿ ನಿಂತಿರುತ್ತಾರೆ — ಥೇಟ್ ಸಲೂನಿನ ಗಿರಾಕಿ.
ಅಕ್ಕ ಮಂಡಿ ಆಪರೇಷನ್ನಿಗೆ ಹೋಗಿ ನಾಲ್ಕು ದಿನ. ಹೋಗುವಾಗ ನಾಯಿಯ ಜೊತೆ ಒಂದು ಚೀಟಿಯನ್ನೂ ಒಪ್ಪಿಸಿದ್ದಾಳೆ. ಫ್ರಿಜ್ಜಿಗೆ ಅಂಟಿಸಿದೆ: "ಉಗುರು ನೋಡು. ಸ್ನಾನ ತಿಂಗಳಿಗೊಂದೇ. ದಿನಾ ಉಣ್ಣೆ ತೆಗೆ, ಮರೀಬೇಡ."
ಉಣ್ಣೆಯಂತೆ! ಕುರಿ ಸಾಕಿದ್ದೀನಿ ಅಂದುಕೊಂಡಳೋ ಏನೋ. ತೆಗೆದೆ, ಒಂದು ಹಿಡಿ.
ಮೈಮೇಲೆ ಕೂದಲು ಇದ್ದೂ ಇಲ್ಲ,
ಮನೆ ತುಂಬ ಕೂದಲು, ಕೂರಲು ಸ್ಥಳವಿಲ್ಲ.

ಮಾರ್ಚ್ 8
ಉಣ್ಣೆ ಅರ್ಧ ಚೀಲ. ಸಾಹೇಬರ ಮೈ ಪಾಲಿಶ್ ಹಾಕಿದ ಬೂಟು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೂದು ಕಾಳುಗಳು. ನರಹುಲಿ ಇರಬೇಕು. ನನ್ನ ಕತ್ತಿನಲ್ಲೂ ಎರಡಿವೆ. ಕೀಳಲು ಹೋಗಬಾರದು.
ಅಕ್ಕನ ಫೋನು. "ಏನೋ ಪಂಡಿತ, ಉಣ್ಣೆ ತೆಗೀತಿದೀಯಾ?"
"ದಿನಾ ಕಣೇ. ಸ್ವೆಟರ್ ಹೆಣೆಯೋಷ್ಟಾಗಿದೆ."
"ನಗಿಸಬೇಡ್ವೋ, ಮಂಡಿ ಅಲ್ಲಾಡತ್ತೆ!"

ಮಾರ್ಚ್ 14
ಬಟ್ಟಲು ಮುಟ್ಟಿಲ್ಲ. ನಿನ್ನೆಯೂ. ಕಿವಿ ಕಾದ ಹೆಂಚು. ಗ್ಲೌಸು ತೋರಿಸಿದೆ. ಎದ್ದು ನಿಂತ… ಹಿಂಗಾಲು ನಡುಗಿ ಮತ್ತೆ ಕೂತ.
ಪ್ರಾಸ ಹೊಳೆಯುತ್ತಿಲ್ಲ.

ಮಾರ್ಚ್ 15, ಮಧ್ಯಾಹ್ನ
ಪ್ರಾಣಿಗಳ ಡಾಕ್ಟರಮ್ಮ ತುಟಿ ಎತ್ತಿ ನೋಡಿದರು. ಒಸಡು ಕಾಗದದಷ್ಟು ಬಿಳಿ. ಕಿವಿ ಮಡಿಸಿದರು.
"ಉಣ್ಣೆ ತೆಗೀತಿರ್ಲಿಲ್ವಾ?"
"ಅಯ್ಯೋ, ದಿನಾ ಮೇಡಂ! ಎಲ್ಲಾ ಚೀಲದಲ್ಲಿಟ್ಟಿದೀನಿ."
"ಚೀಲದಲ್ಲಾ? ಜೀವಂತವಾಗಿ?"
ಚಿಮಟದಿಂದ ಒಂದು ನರಹುಲಿ ಕಿತ್ತು ಬಿಳಿ ತಟ್ಟೆಗೆ ಹಾಕಿದರು. ಅದು ಕಾಲು ಆಡಿಸಿತು.
ಉಣ್ಣೆ. ಕುರಿಯದಲ್ಲ. ರಕ್ತ ಕುಡಿಯುವ ಹುಳು, ಉಣುಗು. ನಲವತ್ತೊಂದು ತೆಗೆದರು, ನಾನು ನೋಡುತ್ತಾ ನಿಂತಿದ್ದೆ. ಜ್ವರ ಅದರಿಂದಲೇ, ರಕ್ತಕ್ಕೆ ಇಳಿದಿದೆ. "ಮೂರು ದಿನ ದಾಟಲಿ, ಆಮೇಲೆ ಹೇಳ್ತೀನಿ."
ಬಿ.ಎ.ಯಲ್ಲಿ ನಾನಾರ್ಥ ಪದಗಳಿಗೆ ಹತ್ತಕ್ಕೆ ಹತ್ತು ತೆಗೆದವನು ನಾನು.

ಮಾರ್ಚ್ 16
ಅಕ್ಕ ಮೂರು ಸಲ ಫೋನು ಮಾಡಿದಳು. ನಾಲ್ಕನೆಯದಕ್ಕೆ ಎತ್ತಿದೆ.
"ಅವನ ಕಿವಿಗೆ ಹಿಡಿಯೋ… ಚಿನ್ನಾ, ನಾನು ಕಣೋ. ಏನ್ ಮಾಡ್ದ?"
"ಬಾಲ ಅಲ್ಲಾಡಿಸ್ದ ಕಣೇ."
ಅಲ್ಲಾಡಿಸಲಿಲ್ಲ.

ಮಾರ್ಚ್ 18, ಬೆಳಗ್ಗೆ 11
ಮೂರನೇ ದಿನ. ಬೆರಳ ಸಂದಿ ಒಂದೊಂದೇ ಬಿಡಿಸಿ ನೋಡಿದೆ, ಒಂದೂ ಇಲ್ಲ. ಮಾತ್ರೆ ಉಗುಳಿದ. ಮತ್ತೆ ನುಂಗಿಸಿದೆ. ಒಸಡು ಬಿಳಿಯೋ, ಕೊಂಚ ಕೆಂಪೋ? ಕಿಟಕಿಯ ಬಳಿ ನೋಡಿದರೆ ಕೆಂಪು. ಒಳಗೆ ತಂದರೆ ಬಿಳಿ. ನನ್ನ ಕಣ್ಣನ್ನು ನಾನೇ ನಂಬುವ ಹಾಗಿಲ್ಲ.
ಗೇಟಿನ ಸದ್ದು. ಊರುಗೋಲು… ಅಕ್ಕ! ನಾಡಿದ್ದು ಬರಬೇಕಿತ್ತಲ್ಲ.
"ಬಾಗಿಲು ತೆಗಿಯೋ ಪಂಡಿತ!"
ತೆಗೆಯಬೇಕು. ಏನಂತ ಹೇಳಲಿ? ಅಕ್ಕಾ, ಉಣ್ಣೆ ಅಂದರೆ ನಾನು —
ತಾಳು. ಅವಳ ದನಿಗೆ ಸಾಹೇಬರ ಕಿವಿ ನಿಮಿರಿತು. ಬಾಲ