ಸಿಹಿಯೆಂದು ನಾನು ಹೇಳಿದ ನೀರು

ಅಪ್ಪನಿಗೆ, ಟಿಕೋಟಾದ ನಮ್ಮ ಪಡಸಾಲೆಯಿಂದ ನಿನ್ನ ಹಿರಿಮಗ ಬರೆಯುವುದು.

ಕಾರವಾರದಿಂದ ಮೊದಲ ಸಲ ರಜೆಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿದ್ದ ಸೀಸೆಗಳನ್ನು ನೋಡಿ ನೀನು ನಕ್ಕಿದ್ದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಭರತ ಇಳಿತ ನೋಡಿ ನೀರೆತ್ತಿ ಉಪ್ಪು ಅಳೆಯುತ್ತೇನೆ, ಅದು ಹೆಚ್ಚುಕಡಿಮೆಯಾದರೆ ಚಿಪ್ಪಿ, ಮೀನು ಉಳಿಯುವುದಿಲ್ಲ ಎಂದೆ. "ಸಮುದ್ರದ ನೀರು ಉಪ್ಪು ಅಂತ ತಿಳಿಯಾಕ ಇಷ್ಟ ಸಾಲಿ ಕಲೀಬೇಕಾತೇನಲೇ?" ಅಂದೆ ನೀನು. ಆದರೂ ಸಂಜೆಯೊಳಗೆ ಊರೆಲ್ಲ ಹೇಳಿಕೊಂಡು ಬಂದೆ, ಮಗ ನೀರಿನ ಸಾಹೇಬ ಆಗ್ಯಾನ ಅಂತ.

ಕಳೆದ ಬೇಸಿಗೆಯಲ್ಲಿ ನೀನೇ ಎರಡು ತಂಬಿಗೆ ತಂದು ನನ್ನ ಮುಂದಿಟ್ಟೆ. ಒಂದರಲ್ಲಿ ನಮ್ಮ ಹೊಲದ ಬಾವಿಯ ನೀರು, ಇನ್ನೊಂದರಲ್ಲಿ ಮೆಟ್ಟಿಲಿಳಿದು ಕೊಡ ತುಂಬುವ ಊರ ಬಾವಡಿಯದು. ಡೋಣಿ ಹೊಳೆಯ ದಂಡೆಯ ಸೀಮೆಯಲ್ಲಿ ಹುಟ್ಟಿದ ನಮಗೆ ನೀರೆಂದರೆ ಎರಡೇ ಜಾತಿ, ಸವಳು ಮತ್ತು ಸಿಹಿ. ಹೊಲದ್ದು ಸವಳು. ಬಾವಡಿಯದರಲ್ಲಿ ಉಪ್ಪು ಇಲ್ಲವೆಂಬಷ್ಟು ಕಡಿಮೆ. "ಇನ್ನ ಮ್ಯಾಲ ಬಾವಡಿ ನೀರ ಕುಡಿ ಯಪ್ಪಾ" ಎಂದೆ, ದೊಡ್ಡ ಪಂಡಿತನಂತೆ. ಅದರ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವುದು, ಕಾಲು ತೊಳೆಯುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಆದರೆ ನನ್ನ ಸೀಸೆಯಲ್ಲಿ ಅದು ಕಾಣುತ್ತಿರಲಿಲ್ಲ...

ಮಳೆಗಾಲ ಶುರುವಾಗುತ್ತಲೇ ನಿನಗೆ ವಾಂತಿಭೇದಿ. ವಿಜಾಪುರದ ಆಸ್ಪತ್ರೆಗೆ ಗಾಡಿ ಕಟ್ಟಿದರಂತೆ. ತೊರವಿ ದಾಟುವುದರೊಳಗೆ ನೀನು ಇರಲಿಲ್ಲ. ತಂತಿ ತಲುಪಿ ನಾನು ಬರುವಾಗ ಎಲ್ಲ ಮುಗಿದಿತ್ತು. ಉಪ್ಪು ಅಳೆದು ಸಿಹಿ ಎಂದಿದ್ದ ನೀರಿನಿಂದ ಹೀಗಾಗುವುದು ಹೇಗೆ ಎಂದು ಅದೇ ಆಸ್ಪತ್ರೆಯ ಡಾಕ್ಟರರನ್ನು ಹೋಗಿ ಕೇಳಿದೆ. "ಉಪ್ಪು ಅಳದ್ರ ಬ್ಯಾನಿ ಗೊತ್ತಾಗತೈತೇನ್ರಿ? ಆ ಬಾವಡಿ ನೀರು ಕುಡದವ್ರನ್ನ ಇಲ್ಲಿ ಸಾಲಾಗಿ ಮಲಗಿಸೇವಿ" ಎಂದರು. ಆ ಸಾಲಿನಲ್ಲಿ ಬಬಲೇಶ್ವರದಿಂದ ನಮ್ಮೂರಿಗೆ ಬಂದ ಹೊಸ ಸೊಸೆಯೂ ಇದ್ದಳು. ಅವಳ ಮುಖ ನೋಡಲಾಗದೆ ಹೊರಗೆ ಬಂದೆ.

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ, ಅಪ್ಪಾ. ಮಗನ ಮಾತು ಕೇಳಿ ಸತ್ತ ಎಂದು ಜನ ಗುಸುಗುಸು ಶುರು ಮಾಡಿದ್ದರು. ಅವ್ವನ ಕಿವಿಗೂ ಬಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಬಾವಡಿಗಿಳಿದು, ಎಲ್ಲರ ಎದುರು ಒಂದು ತಂಬಿಗೆ ನೀರು ಗಟಗಟ ಕುಡಿದು, "ನನ್ನ ಮಗಾ ಸುಳ್ಳ ಹೇಳೂದುಲ್ಲ" ಅನ್ನುತ್ತಿದ್ದಳು. ಮನೆಯಲ್ಲಿ ಬೇಡ ಬೇಡ ಎಂದು ಗೊಣಗಿದೆನೇ ಹೊರತು ಯಾಕೆಂದು ಹೇಳಲಿಲ್ಲ. ಹನ್ನೊಂದು ದಿನ ನೋಡುತ್ತ ನಿಂತೆ. ಹೆಸರಿನ ಆಸೆ ಎಂಥ ಹೊಲಸು ನೋಡು.

ಇವತ್ತು ಅವಳು ತಂಬಿಗೆ ಎತ್ತುವಾಗ ಮೆಟ್ಟಿಲಿಳಿದು ಕೈ ಹಿಡಿದೆ. "ಈ ನೀರ ಕುಡೀಬ್ಯಾಡ್ರಿ. ಅಪ್ಪ ಸತ್ತದ್ದು ಇದರಿಂದನ. ಕುಡಿ ಅಂತ ಹೇಳಿದಾಂವ ನಾನ" ಎಂದು ಕೂಗಿ ಹೇಳಿದೆ. ಯಾರೂ ಬೈಯಲಿಲ್ಲ. ಕೊಡಗಳು ಒಂದೊಂದಾಗಿ ಮಗುಚಿಕೊಂಡವು. ಈಗ ಊರು ನಮ್ಮ ಹೊಲದ ಬಾವಿಗೇ ಹೋಗುತ್ತಿದೆ. ಸವಳಾದರೂ ಕಾಯಿಸಿಯೇ ಕುಡಿಯಿರಿ ಎಂದು ಮನೆಮನೆಗೆ ಹೇಳಿ ಬಂದೆ.

ಅವ್ವ ಚೆನ್ನಾಗಿದ್ದಾಳೆ, ಅಪ್ಪಾ. ಬಾವಡಿಯಿಂದ ಮನೆಯವರೆಗೆ ಖಾಲಿ ತಂಬಿಗೆ ಹಿಡಿದು ನನ್ನ ಮುಂದೆ ನಡೆದಳು. ಹೊಸ್ತಿಲಲ್ಲಿ ತಿರುಗಿ ಒಂದೇ ಮಾತು ಕೇಳಿದಳು: "ನಿನಗ ಗೊತ್ತಿದ್ದೂ ನನಗ ಹನ್ನೊಂದ ದಿನಾ ಕುಡಿಯಾಕ ಬಿಟ್ಟಿಯೇನೋ ತಮ್ಮಾ?"